ಡೇಟಾಬೇಸ್ ಹೇಳಿದ್ದು, ಪ್ರೋಗ್ರಾಂ ಕೇಳಿಸಿಕೊಳ್ಳದ್ದು

ಶ್ರೀಲಕ್ಷ್ಮೀ ಎಂದು ಬರೆಯಿರಿ. ನಮ್ಮ ಕಣ್ಣಿಗೆ ಅಲ್ಲಿರುವುದು ಮೂರು ಅಕ್ಷರ: ಶ್ರೀ, ಲ, ಕ್ಷ್ಮೀ. ಯೂನಿಕೋಡ್ ಎಣಿಕೆಯಲ್ಲಿ ಅದೇ ಹೆಸರು 11 ಆಗುತ್ತದೆ. ವ್ಯಂಜನಕ್ಕೊಂದು, ಒತ್ತು ಮೂಡಿಸುವ ಹಲಂತಕ್ಕೊಂದು, ಗುಣಿತದ ಚಿಹ್ನೆಗೊಂದು ಎಂದು ಪ್ರತ್ಯೇಕ ಲೆಕ್ಕ. ಈಗ ಮೈಎಸ್‌ಕ್ಯೂಎಲ್ ಡೇಟಾಬೇಸ್ ಒಂದರಲ್ಲಿ ಹೆಸರಿನ ಕಾಲಮ್ಮಿಗೆ ಯಾರೋ 10ರ ಮಿತಿ ಇಟ್ಟಿದ್ದಾರೆ ಎಂದುಕೊಳ್ಳಿ. ಹಳೆಯ ಆವೃತ್ತಿಗಳಲ್ಲಿ, ಯಾರೂ ಸೆಟ್ಟಿಂಗ್ ಬದಲಿಸದೇ ಇದ್ದರೆ, ಈ ಹೆಸರನ್ನು ಸೇರಿಸುವ ಕೆಲಸ ಸಲೀಸಾಗಿ ಮುಗಿಯುತ್ತಿತ್ತು. ಪರದೆಯ ಮೇಲೆ ‘ನಿಮ್ಮ ಅರ್ಜಿ ಸ್ವೀಕೃತವಾಗಿದೆ’ ಎಂದೂ ಬರುತ್ತಿತ್ತು. ಒಳಗೆ ಉಳಿಯುತ್ತಿದ್ದದ್ದು ಮಾತ್ರ ‘ಶ್ರೀಲಕ್ಷ್ಮ’. ಕೊನೆಯ ದೀರ್ಘ ಕತ್ತರಿಸಿಹೋಗಿರುತ್ತಿತ್ತು. ಒಂದು ಕಾರ್ಡಿನಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಎಂದು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಈ ದೀರ್ಘದ ಬೆಲೆ ಗೊತ್ತು.

ಇದರಲ್ಲಿ ಡೇಟಾಬೇಸಿನ ತಪ್ಪು ಅರ್ಧ ಮಾತ್ರ. ಯಾಕೆಂದರೆ ಅದು ಹೇಳಿತ್ತು. ‘ಈ ಕಾಲಮ್ಮಿನಲ್ಲಿ ದತ್ತಾಂಶ ಮೊಟಕಾಗಿದೆ’ ಎಂಬ 1265ನೇ ಸಂಖ್ಯೆಯ ಎಚ್ಚರಿಕೆಯನ್ನು ಬರೆದು ಪಕ್ಕಕ್ಕಿಟ್ಟಿತ್ತು. ‘ಎಚ್ಚರಿಕೆಗಳನ್ನು ತೋರಿಸು’ ಎಂದು ಪ್ರೋಗ್ರಾಂ ಕೇಳಿದ್ದರೆ ಕೊಡುತ್ತಿತ್ತು. ಯಾರೂ ಕೇಳಲಿಲ್ಲ. 2015ರಲ್ಲಿ ಬಂದ 5.7ನೇ ಆವೃತ್ತಿಯಿಂದ ಮೈಎಸ್‌ಕ್ಯೂಎಲ್ ಹುಟ್ಟಾ ಕಟ್ಟುನಿಟ್ಟಾಯಿತು. ಈಗ ಅದೇ ಹೆಸರು ಕೊಟ್ಟರೆ 1406 ಎಂಬ ಎರರ್ ಬರುತ್ತದೆ, ಸಾಲು ಟೇಬಲ್ಲಿಗೆ ಸೇರುವುದೇ ಇಲ್ಲ.

ಕನ್ನಡಕ್ಕೆ ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಪ್ರಶ್ನಾರ್ಥಕ ಚಿಹ್ನೆಗಳ ರೂಪದಲ್ಲಿ. 2018ರ 8.0 ಆವೃತ್ತಿಯವರೆಗೂ ಮೈಎಸ್‌ಕ್ಯೂಎಲ್‌ನಲ್ಲಿ ಯಾರೂ ಬೇರೆ ಹೇಳದಿದ್ದರೆ ಟೇಬಲ್ಲಿನ ಲಿಪಿವ್ಯವಸ್ಥೆ ಲ್ಯಾಟಿನ್1 ಆಗಿರುತ್ತಿತ್ತು. ಪಶ್ಚಿಮ ಯುರೋಪಿನ ಅಕ್ಷರಗಳಿಗಷ್ಟೇ ಅಲ್ಲಿ ಜಾಗ. ಅಂಥ ಕಾಲಮ್ಮಿಗೆ ಕನ್ನಡ ಕಳಿಸಿದರೆ, ಸಡಿಲ ಕ್ರಮದಲ್ಲಿ, ಪ್ರತಿ ಸಂಕೇತದ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತಿತ್ತು. ನಮ್ಮ ಶ್ರೀಲಕ್ಷ್ಮೀ ಸಾಲಾಗಿ ನಿಂತ 11 ಪ್ರಶ್ನೆಗಳಾಗುತ್ತಿದ್ದಳು. ಫಾಂಟ್ ಸರಿಮಾಡಿದರೆ ವಾಪಸು ಬರುವ ಹಾನಿ ಇದಲ್ಲ. ಒಳಗೆ ಇರುವುದೇ ಪ್ರಶ್ನಾರ್ಥಕ ಚಿಹ್ನೆ, ಮೂಲ ಅಕ್ಷರ ಎಲ್ಲೂ ಇಲ್ಲ. ಇಲ್ಲೂ ಡೇಟಾಬೇಸ್ 1366 ಎಂಬ ಎಚ್ಚರಿಕೆ ಕೊಟ್ಟಿತ್ತು, ಇಲ್ಲೂ ಯಾರೂ ಓದಲಿಲ್ಲ.

ಹೇಳುವವನಿಗೂ ಕೇಳುವವನಿಗೂ ನಡುವೆ ಇರುವುದು ‘ಎಕ್ಸ್‌ಟೆನ್ಷನ್’ ಎಂಬ ತಂತ್ರಾಂಶದ ತುಂಡು. ಪಿಎಚ್‌ಪಿಯಂಥ ಭಾಷೆಗೆ ತಾನಾಗಿ ಯಾವ ಡೇಟಾಬೇಸಿನ ಜೊತೆಗೂ ಮಾತಾಡಲು ಬರುವುದಿಲ್ಲ. ಆಯಾ ಡೇಟಾಬೇಸಿನ ನುಡಿ ಬಲ್ಲ ದುಭಾಷಿಯೊಬ್ಬ ಬೇಕು, ಎಕ್ಸ್‌ಟೆನ್ಷನ್ ಎಂದರೆ ಅವನೇ. ಈ ದುಭಾಷಿ ಒಳ್ಳೆಯ ಸುದ್ದಿಯನ್ನು ಹೇಗೆ ತಲುಪಿಸುತ್ತಾನೆ ಎನ್ನುವುದು ದೊಡ್ಡ ವಿಷಯವಲ್ಲ. ಕೆಟ್ಟ ಸುದ್ದಿಯನ್ನು ಹೇಗೆ ತಲುಪಿಸುತ್ತಾನೆ, ತಲುಪಿಸುತ್ತಾನೋ ಇಲ್ಲವೋ ಎನ್ನುವುದೇ ಈ ಬರಹದ ವಿಷಯ.

ಪಿಎಚ್‌ಪಿಯ ಹಳೆಯ ‘ಮೈಎಸ್‌ಕ್ಯೂಎಲ್’ ಎಕ್ಸ್‌ಟೆನ್ಷನ್ನಿನಲ್ಲಿ ಕ್ವೆರಿ, ಎಂದರೆ ಡೇಟಾಬೇಸಿಗೆ ಕಳಿಸಿದ ಆಜ್ಞೆ, ಸೋತರೆ ‘ಫಾಲ್ಸ್’ ಎಂಬ ಒಂದೇ ಮೌಲ್ಯ ಬರುತ್ತಿತ್ತು. ಯಾಕೆ ಸೋತಿತು ಎಂದು ತಿಳಿಯಬೇಕಾದರೆ ಸಂಖ್ಯೆಗೆ ಒಂದು ಫಂಕ್ಷನ್ನನ್ನೂ ಸಂದೇಶಕ್ಕೆ ಇನ್ನೊಂದನ್ನೂ ಕರೆಯಬೇಕು. ಕಲಿಕೆಯ ಪುಸ್ತಕಗಳೆಲ್ಲ ಇದಕ್ಕೊಂದು ಅಡ್ಡದಾರಿ ಹೇಳಿಕೊಟ್ಟವು: ಕ್ವೆರಿಯ ಸಾಲಿನ ಕೊನೆಗೆ ‘ಆರ್ ಡೈ’ ಎಂದು ಬರೆದು, ಸಾಯುವ ಮುನ್ನ ಎರರ್ ಸಂದೇಶವನ್ನು ಪರದೆಗೆ ಉಗುಳುವುದು. ಒಂದು ತಲೆಮಾರಿನ ಪ್ರೋಗ್ರಾಮರುಗಳು ಇದನ್ನು ಮಗ್ಗಿಯ ಹಾಗೆ ಕಲಿತರು. ಆ ಎಕ್ಸ್‌ಟೆನ್ಷನ್ 2013ರಲ್ಲಿ ತಿರಸ್ಕೃತರ ಪಟ್ಟಿಗೆ ಸೇರಿ, 2015ರ ಕೊನೆಯಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಪೂರ್ತಿ ಮಾಯವಾಯಿತು. ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ.

ಒರಾಕಲ್‌ಗೆ ಬೇರೆ ಎಕ್ಸ್‌ಟೆನ್ಷನ್, ಪೋಸ್ಟ್‌ಗ್ರೆಸ್‌ಗೆ ಬೇರೆ, ಎಸ್‌ಕ್ಯೂಲೈಟ್‌ಗೆ ಬೇರೆ. ಪ್ರತಿಯೊಂದರ ದೂರು ಕೊಡುವ ಧಾಟಿಯೂ ಬೇರೆ. ‘ಈ ಮೌಲ್ಯ ಈಗಾಗಲೇ ಇದೆ, ಎರಡನೆಯದನ್ನು ಸೇರಿಸಲಾರೆ’ ಎಂಬ ಒಂದೇ ಮಾತಿಗೆ ಮೈಎಸ್‌ಕ್ಯೂಎಲ್ 1062 ಎನ್ನುತ್ತದೆ, ಒರಾಕಲ್ 00001 ಎನ್ನುತ್ತದೆ, ಎಸ್‌ಕ್ಯೂಲೈಟ್ 19 ಎನ್ನುತ್ತದೆ. ಈ ಗದ್ದಲಕ್ಕೆ ಪರಿಹಾರವಾಗಿ ಬಂದದ್ದು ಎಸ್‌ಕ್ಯೂಎಲ್‌ಸ್ಟೇಟ್.

1992ರ ಎಸ್‌ಕ್ಯೂಎಲ್ ಮಾನಕ ಇದನ್ನು ತಂದಿತು. ಅದಕ್ಕೂ ಮುಂಚೆ ಇದ್ದದ್ದು ಎಸ್‌ಕ್ಯೂಎಲ್‌ಕೋಡ್ ಎಂಬ ಪೂರ್ಣಾಂಕ. ಅಲ್ಲಿ 0 ಎಂದರೆ ಸರಿ, 100 ಎಂದರೆ ಸಾಲು ಸಿಗಲಿಲ್ಲ, ಋಣಸಂಖ್ಯೆ ಎಂದರೆ ಎರರ್. ಯಾವ ಋಣಸಂಖ್ಯೆಗೆ ಯಾವ ಅರ್ಥ ಎನ್ನುವುದು ಆಯಾ ಕಂಪನಿಯ ಮರ್ಜಿ. ಎಸ್‌ಕ್ಯೂಎಲ್‌ಸ್ಟೇಟ್‌ನಲ್ಲಿ ಐದು ಅಕ್ಷರಗಳಿವೆ, ಅಂಕಿಯೂ ಇರಬಹುದು ರೋಮನ್ ಅಕ್ಷರವೂ ಇರಬಹುದು. ಮೊದಲ ಎರಡು ವರ್ಗವನ್ನು ಹೇಳುತ್ತವೆ, ಉಳಿದ ಮೂರು ಆ ವರ್ಗದೊಳಗಿನ ಬಗೆಯನ್ನು. 00 ಎಂದರೆ ಎಲ್ಲ ಸರಿ. 01 ಎಚ್ಚರಿಕೆ. 02 ಎಂದರೆ ಏನೂ ಸಿಗಲಿಲ್ಲ. 08 ಎಂದರೆ ಸಂಪರ್ಕವೇ ಕೆಟ್ಟಿದೆ. 22 ಎಂದರೆ ಕೊಟ್ಟ ಮೌಲ್ಯದಲ್ಲೇ ತೊಂದರೆ. ಶ್ರೀಲಕ್ಷ್ಮೀಯ 1406 ಈ ಗುಂಪಿಗೆ ಸೇರಿದ್ದು. 23 ಎಂದರೆ ಟೇಬಲ್ಲಿಗೆ ಹಾಕಿದ ನಿಯಮದ ಉಲ್ಲಂಘನೆ. 40 ಎಂದರೆ ವಹಿವಾಟು, ಅಂದರೆ ಒಟ್ಟಾಗಿ ನಡೆಯಬೇಕಾದ ಆಜ್ಞೆಗಳ ಗುಂಪು, ಹಿಂದಕ್ಕೆ ಹೋಗಿದೆ. 42 ಎಂದರೆ ಕ್ವೆರಿಯ ವ್ಯಾಕರಣ ತಪ್ಪು, ಇಲ್ಲವೇ ಹೆಸರಿಸಿದ ಟೇಬಲ್ ಇಲ್ಲ, ಇಲ್ಲವೇ ನಿಮಗೆ ಅನುಮತಿ ಇಲ್ಲ.

ಈ ಎರಡು ಅಂಕಿಗಳ ಚೆಲುವು ನನಗೆ ತಡವಾಗಿ ಹೊಳೆಯಿತು. ಏನಾಯಿತು ಎನ್ನುವುದಕ್ಕಿಂತ ಹೆಚ್ಚಾಗಿ ಮುಂದೇನು ಮಾಡಬೇಕು ಎನ್ನುವುದನ್ನು ಅವು ಸೂಚಿಸುತ್ತವೆ. 22, 23 ಬಂದರೆ ಬಳಕೆದಾರನನ್ನು ಕೇಳಿ, ಅವನು ಕೊಟ್ಟದ್ದರಲ್ಲಿ ಏನೋ ಇದೆ. 40 ಬಂದರೆ ಯಾರನ್ನೂ ಕೇಳಬೇಡಿ, ಸುಮ್ಮನೆ ಇನ್ನೊಮ್ಮೆ ಪ್ರಯತ್ನಿಸಿ. 42 ಬಂದರೆ ಪ್ರೋಗ್ರಾಮರನನ್ನು ಎಬ್ಬಿಸಿ. 08 ಬಂದರೆ ಸರ್ವರ್ ನೋಡಿಕೊಳ್ಳುವವರನ್ನು ಎಬ್ಬಿಸಿ. ಈ ನಾಲ್ಕಕ್ಕೂ ಸೇರಿಸಿ ‘ಏನೋ ತಪ್ಪಾಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎಂದು ತೋರಿಸುವ ಜಾಲತಾಣ ತನ್ನ ಕೈಲಿದ್ದ ತಿಳಿವಳಿಕೆಯನ್ನೆಲ್ಲ ಎಸೆದು ಕೂತಿದೆ. ವ್ಯಾಕರಣ ತಪ್ಪಿದ ಕ್ವೆರಿ ಸ್ವಲ್ಪ ಸಮಯದ ನಂತರ ಸರಿಹೋಗುವುದಿಲ್ಲ.

ಪಿಎಚ್‌ಪಿಗೆ ಈ ಎಸ್‌ಕ್ಯೂಎಲ್‌ಸ್ಟೇಟ್ ಎಲ್ಲ ಡೇಟಾಬೇಸುಗಳಿಗೂ ಒಂದೇ ರೂಪದಲ್ಲಿ ದಕ್ಕಿದ್ದು 2005ರ ನವೆಂಬರಿನಲ್ಲಿ, 5.1 ಆವೃತ್ತಿಯ ಜೊತೆ ಬಂದ ಪಿಡಿಒ ಎಂಬ ಎಕ್ಸ್‌ಟೆನ್ಷನ್ನಿನಿಂದ. ಎರರ್ ವಿವರ ಕೇಳಿದರೆ ಪಿಡಿಒ ಮೂರು ಖಾನೆಗಳ ಪಟ್ಟಿಯೊಂದನ್ನು ಕೊಡುತ್ತದೆ. ಮೊದಲನೆಯದರಲ್ಲಿ ಐದಕ್ಷರದ ಎಸ್‌ಕ್ಯೂಎಲ್‌ಸ್ಟೇಟ್, ಎರಡನೆಯದರಲ್ಲಿ ಆಯಾ ಡೇಟಾಬೇಸಿನ ಸ್ವಂತ ಸಂಖ್ಯೆ, ಮೂರನೆಯದರಲ್ಲಿ ಮನುಷ್ಯರು ಓದುವ ಸಂದೇಶ. ಮೊದಲನೆಯದು ಒಂದೇ ಸಾಲದು. ಮೈಎಸ್‌ಕ್ಯೂಎಲ್ ಮಟ್ಟಿಗೆ 23000 ಎಂಬ ಒಂದೇ ಸಂಕೇತದಡಿ ನಕಲು ಮೌಲ್ಯವೂ ಬರುತ್ತದೆ, ಖಾಲಿ ಬಿಡಬಾರದ ಕಾಲಮ್ ಖಾಲಿ ಬಿಟ್ಟದ್ದೂ ಬರುತ್ತದೆ, ಇನ್ನೊಂದು ಟೇಬಲ್ಲಿನಲ್ಲಿ ಇಲ್ಲದ ಸಾಲಿಗೆ ಕೊಂಡಿ ಹಾಕಿದ್ದೂ ಬರುತ್ತದೆ. ಬೇರ್ಪಡಿಸಬೇಕಾದರೆ ಎರಡನೇ ಖಾನೆಯ 1062, 1048, 1452 ನೋಡಬೇಕು. ಪೋಸ್ಟ್‌ಗ್ರೆಸ್ ಇಲ್ಲಿ ಹೆಚ್ಚು ಅಚ್ಚುಕಟ್ಟು: ನಕಲಿಗೆ 23505, ಖಾಲಿಗೆ 23502, ಮುರಿದ ಕೊಂಡಿಗೆ 23503.

ಪಿಡಿಒದಲ್ಲಿ ಎಡವಲು ಬೇಕಾದಷ್ಟು ಕಲ್ಲುಗಳಿವೆ. ಯಶಸ್ಸಿನ ಸಂಕೇತ ಐದು ಸೊನ್ನೆಗಳು, ಅದೂ ಅಕ್ಷರಮಾಲೆಯಾಗಿ. ಪಿಎಚ್‌ಪಿಯಲ್ಲಿ ಒಂದೇ ಸೊನ್ನೆಯ ಅಕ್ಷರಮಾಲೆ ‘ಸುಳ್ಳು’ ಎಂದು ಲೆಕ್ಕ. ಐದು ಸೊನ್ನೆಯದು ‘ನಿಜ’! ‘ಎರರ್ ಕೋಡ್ ಇದ್ದರೆ’ ಎಂದು ಹೊಸಬರು ಸಹಜವಾಗಿ ಬರೆಯುವ ಷರತ್ತು ಎಲ್ಲ ಸರಿಯಿದ್ದಾಗಲೂ ‘ಎರರ್ ಇದೆ’ ಎನ್ನುತ್ತದೆ. ಇದರ ತದ್ವಿರುದ್ಧ ಗುಂಡಿಯೂ ಇದೆ. ಸಾಲುಗಳನ್ನು ಅಳಿಸುವ ಆಜ್ಞೆ ಕೊಟ್ಟರೆ ಎಷ್ಟು ಸಾಲು ಅಳಿಯಿತು ಎಂಬ ಸಂಖ್ಯೆ ವಾಪಸು ಬರುತ್ತದೆ. ಅಳಿಸಲು ಒಂದೂ ಇಲ್ಲದಿದ್ದರೆ 0. ಆಜ್ಞೆಯೇ ಸೋತರೆ ಫಾಲ್ಸ್. ಸಡಿಲವಾಗಿ ಹೋಲಿಸಿದರೆ ಎರಡೂ ಒಂದೇ. ಮೂರು ಸಮಚಿಹ್ನೆ ಹಾಕಿ ಬಿಗಿಯಾಗಿ ಹೋಲಿಸಿದರೆ ಮಾತ್ರ ‘ಏನೂ ಇರಲಿಲ್ಲ’ ಮತ್ತು ‘ಆಗಲೇ ಇಲ್ಲ’ ಬೇರೆಯಾಗುತ್ತವೆ. ಇನ್ನೊಂದು: ಸಂಪರ್ಕದ ಆಬ್ಜೆಕ್ಟನ್ನು ಕೇಳಿದರೆ ಅದರ ಮೂಲಕವೇ ನೇರವಾಗಿ ನಡೆದ ಕೆಲಸದ ಸ್ಥಿತಿಯಷ್ಟೇ ಸಿಗುತ್ತದೆ. ಮೊದಲೇ ಸಿದ್ಧಪಡಿಸಿದ ಸ್ಟೇಟ್‌ಮೆಂಟ್ ಸೋತಿದ್ದರೆ ಆ ಸ್ಟೇಟ್‌ಮೆಂಟನ್ನೇ ಕೇಳಬೇಕು. ತಪ್ಪು ಕಿಟಕಿಯಲ್ಲಿ ವಿಚಾರಿಸಿದವರಿಗೆ ‘ಎಲ್ಲ ಸರಿಯಿದೆ’ ಎಂಬ ಉತ್ತರ ಸಿಗುತ್ತದೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ತಪ್ಪು ಎಂದು ನಾನು ಎಣಿಸುವುದು ಪಿಡಿಒದ ಹುಟ್ಟುಗುಣವನ್ನು. ಎರರ್ ಬಂದಾಗ ಏನು ಮಾಡಬೇಕು ಎನ್ನುವುದಕ್ಕೆ ಅದರಲ್ಲಿ ಮೂರು ಕ್ರಮಗಳಿವೆ. ಸುಮ್ಮನಿರು, ಎಚ್ಚರಿಸು, ಎಕ್ಸೆಪ್ಷನ್ ಎಸೆ. ಎಕ್ಸೆಪ್ಷನ್ ಎಂದರೆ ಹಿಡಿಯುವವರು ಇಲ್ಲದಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುವ ದೂರು. ಪ್ರೋಗ್ರಾಮರ್ ಏನನ್ನೂ ಆರಿಸದಿದ್ದರೆ ಜಾರಿಗೆ ಬರುತ್ತಿದ್ದದ್ದು ಮೊದಲನೆಯದು, ಸುಮ್ಮನಿರುವ ಕ್ರಮ. ಸಂಪರ್ಕ ಸಿಗದಿದ್ದರೆ ಮಾತ್ರ ಯಾವ ಕ್ರಮವಿದ್ದರೂ ಎಕ್ಸೆಪ್ಷನ್ ಬರುತ್ತಿತ್ತು, ಉಳಿದದ್ದೆಲ್ಲ ಮೌನ. ಹಣ ಕಡಿತದ ಸಾಲು ಸೇರಿತು, ರಸೀದಿಯ ಸಾಲು ಸೋತಿತು, ಪ್ರೋಗ್ರಾಂ ಮುಂದಿನ ಸಾಲಿಗೆ ನಡೆಯಿತು. ಪ್ರತಿ ಕ್ವೆರಿಯ ನಂತರವೂ ಸ್ಥಿತಿ ಕೇಳಿ ನೋಡುವ ಶಿಸ್ತು ಪ್ರೋಗ್ರಾಮರಿಗೆ ಇರುತ್ತದೆ ಎಂದು ಈ ವಿನ್ಯಾಸ ನಂಬಿತ್ತು. ಸಂಜೆ ಆರಕ್ಕೆ ಕೆಲಸ ಒಪ್ಪಿಸಬೇಕಾದ ಯಾರಿಗೂ ಅಂಥ ಶಿಸ್ತು ಇರುವುದಿಲ್ಲ, ಇರಬೇಕು ಎಂದು ಎಣಿಸುವುದೂ ನ್ಯಾಯವಲ್ಲ.

ಬದಲಾವಣೆಗೆ 15 ವರ್ಷ ಬೇಕಾಯಿತು. 2020ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.0ರಲ್ಲಿ ಪಿಡಿಒದ ಹುಟ್ಟುಗುಣ ಎಕ್ಸೆಪ್ಷನ್ ಎಸೆಯುವುದಾಯಿತು. ಮರುವರ್ಷ 8.1ರಲ್ಲಿ ಮೈಎಸ್‌ಕ್ಯೂಎಲ್‌ಐ ಎಂಬ ಇನ್ನೊಂದು ಎಕ್ಸ್‌ಟೆನ್ಷನ್ನೂ ಅದೇ ದಾರಿ ಹಿಡಿಯಿತು. ಹಳೆಯ ತಾಣಗಳನ್ನು ಹೊಸ ಆವೃತ್ತಿಗೆ ಏರಿಸಿದವರು ‘ಚೆನ್ನಾಗಿ ನಡೆಯುತ್ತಿದ್ದದ್ದು ಒಡೆದುಹೋಯಿತು’ ಎಂದು ಗೊಣಗಿದರು. ಎಷ್ಟೋ ಕಡೆ ಅದು ಚೆನ್ನಾಗಿ ನಡೆಯುತ್ತಿರಲಿಲ್ಲ. ವರ್ಷಗಳಿಂದ ಸೋಲುತ್ತಿದ್ದ ಕ್ವೆರಿಯೊಂದು ಮೊದಲ ಬಾರಿ ಕೂಗಿಕೊಂಡಿತ್ತು, ಅಷ್ಟೆ.

ಇಷ್ಟು ಹೇಳಿದ ಮೇಲೆ ಎರರ್ ಎಂದರೆ ಕೇಡು ಎಂಬ ಭಾವನೆ ಬರಬಾರದು. ಹೊಸ ಖಾತೆ ತೆರೆಯುವ ಪುಟವನ್ನೇ ನೋಡಿ. ಒಂದು ಮೊಬೈಲ್ ಸಂಖ್ಯೆಗೆ ಒಂದೇ ಖಾತೆ ಎಂಬ ನಿಯಮವಿದೆ. ಹೆಚ್ಚಿನವರು ಬರೆಯುವುದು ಹೀಗೆ: ಮೊದಲು ಆ ಸಂಖ್ಯೆ ಟೇಬಲ್ಲಿನಲ್ಲಿ ಇದೆಯೇ ಎಂದು ಹುಡುಕು, ಇಲ್ಲದಿದ್ದರೆ ಸೇರಿಸು. ಹುಡುಕುವುದಕ್ಕೂ ಸೇರಿಸುವುದಕ್ಕೂ ನಡುವೆ ಕೆಲವೇ ಮಿಲಿಸೆಕೆಂಡುಗಳ ಸಂದಿ. ಪುಟ ನಿಧಾನವಾಗಿದೆ ಎಂದು ಯಾರಾದರೂ ಗುಂಡಿಯನ್ನು ಎರಡು ಸಲ ಒತ್ತಿದರೆ ಎರಡು ಕೋರಿಕೆಗಳೂ ಒಟ್ಟಿಗೆ ಹುಡುಕುತ್ತವೆ, ಎರಡಕ್ಕೂ ‘ಇಲ್ಲ’ ಎಂಬ ಉತ್ತರ, ಎರಡೂ ಸೇರಿಸುತ್ತವೆ. ಸರಿಯಾದ ದಾರಿ ಬೇರೆ. ಕಾಲಮ್ಮಿಗೆ ‘ಅನನ್ಯ’ ಎಂಬ ನಿಯಮ ಹಾಕಿ, ಹುಡುಕದೆ ನೇರವಾಗಿ ಸೇರಿಸಿ. ಡೇಟಾಬೇಸ್ ಒಂದನ್ನು ಒಪ್ಪಿ ಇನ್ನೊಂದಕ್ಕೆ 1062 ಕೊಡುತ್ತದೆ. ಆ 1062 ಇಲ್ಲಿ ವೈಫಲ್ಯವಲ್ಲ, ಕೇಳಿದ ಪ್ರಶ್ನೆಗೆ ಬಂದ ನಂಬಬಹುದಾದ ಒಂದೇ ಉತ್ತರ. ಅದನ್ನು ಹಿಡಿದು ‘ಈ ಸಂಖ್ಯೆಗೆ ಈಗಾಗಲೇ ಖಾತೆ ಇದೆ’ ಎಂದು ತೋರಿಸಿದರೆ ಮುಗಿಯಿತು. ಬೇರೆ ಯಾವ ಸಂಖ್ಯೆ ಬಂದರೂ ಎಕ್ಸೆಪ್ಷನ್ನನ್ನು ಮತ್ತೆ ಮೇಲಕ್ಕೆ ಎಸೆಯಬೇಕು. ಹಿಡಿದದ್ದನ್ನೆಲ್ಲ ನುಂಗಿಬಿಟ್ಟರೆ ಹಳೆಯ ಮೌನವನ್ನು ನಾವೇ ಕೈಯಾರೆ ಕಟ್ಟಿಕೊಂಡಂತೆ. ಖಾಲಿ ‘ಕ್ಯಾಚ್’ ಬ್ಲಾಕ್ ಕಂಡಾಗಲೆಲ್ಲ ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನು 40ರ ವರ್ಗ. ಎರಡು ವಹಿವಾಟುಗಳು ಒಂದರ ಬೀಗಕ್ಕೆ ಇನ್ನೊಂದು ಕಾಯುತ್ತ ನಿಂತರೆ ಅದು ಡೆಡ್‌ಲಾಕ್. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಬ ಸಂಗ್ರಹ ಎಂಜಿನ್ ಇದನ್ನು ತಾನೇ ಪತ್ತೆಹಚ್ಚಿ, ಒಂದನ್ನು ಬಲಿಕೊಟ್ಟು, 1213 ಎಂಬ ಸಂಖ್ಯೆಯನ್ನೂ 40001 ಎಂಬ ಸ್ಥಿತಿಯನ್ನೂ ಕೊಡುತ್ತದೆ. ವಹಿವಾಟನ್ನು ಮತ್ತೆ ಆರಂಭಿಸಿ ನೋಡಿ ಎಂದು ಸಂದೇಶವೇ ಹೇಳುತ್ತದೆ. ಇದರ ಅಣ್ಣತಮ್ಮನಂತೆ ಕಾಣುವ ಇನ್ನೊಂದು ಎರರ್ 1205: ಬೀಗಕ್ಕಾಗಿ ಕಾದು ಕಾದು, ಬೇರೆ ಹೇಳದಿದ್ದರೆ 50 ಸೆಕೆಂಡಿನ ನಂತರ, ಬೇಸತ್ತು ಕೈಬಿಟ್ಟದ್ದು. ಇಲ್ಲೂ ಸಂದೇಶ ಮತ್ತೆ ಆರಂಭಿಸಿ ಎನ್ನುತ್ತದೆ. ಆದರೆ 1213ರಲ್ಲಿ ಇಡೀ ವಹಿವಾಟು ಹಿಂದಕ್ಕೆ ಹೋಗಿರುತ್ತದೆ. 1205ರಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, ಕೊನೆಯ ಆಜ್ಞೆ ಮಾತ್ರ ಹಿಂದಕ್ಕೆ ಹೋಗಿ ಮೊದಲಿನವು ಹಾಗೇ ತೂಗಾಡುತ್ತಿರುತ್ತವೆ. ಎರಡನ್ನೂ ಒಂದೇ ಎಂದು ಬಗೆದು, ಹಿಂದಕ್ಕೆ ಕಳಿಸುವ ಆಜ್ಞೆ ಕೊಡದೆ ಮುಂದುವರಿದರೆ ಅರ್ಧ ಕೆಲಸ ಖಾಯಂ ಆಗಿಬಿಡುತ್ತದೆ. ಪೋಸ್ಟ್‌ಗ್ರೆಸ್ ಈ ವಿಷಯದಲ್ಲಿ ಮೊಂಡು. ವಹಿವಾಟಿನೊಳಗೆ ಒಂದು ಆಜ್ಞೆ ಸೋತರೆ, ನಡುವೆ ಸೇವ್‌ಪಾಯಿಂಟ್ ಇಟ್ಟಿರದಿದ್ದರೆ, ಮುಂದಿನ ಪ್ರತಿ ಆಜ್ಞೆಗೂ 25ಪಿ02 ಎಂದು ಹೇಳುತ್ತ ಏನನ್ನೂ ಮಾಡದೆ ಕೂರುತ್ತದೆ. ಲಾಗ್ ತುಂಬ 25ಪಿ02 ಕಂಡರೆ ಅದರ ಹಿಂದೆ ಹೋಗಬೇಡಿ. ಮೇಲಕ್ಕೆ ಹತ್ತಿ, ಮೊದಲು ಬಿದ್ದ ಎರರ್ ಯಾವುದು ನೋಡಿ.

ವರ್ಗ ತಿಳಿಯದ ಎರರುಗಳಿಗೂ ಒಂದು ಮನೆ ಇದೆ, ಅದರ ವಿಳಾಸ ಎಚ್‌ವೈ000. ‘ಸಾಮಾನ್ಯ ದೋಷ’ ಎಂದು ಅರ್ಥ, ಅಂದರೆ ಯಾವ ಅರ್ಥವೂ ಇಲ್ಲ. ಮೇಲೆ ಹೇಳಿದ 1205 ಇಲ್ಲೇ ವಾಸ. ‘ಸರ್ವರ್ ಹೊರಟುಹೋಗಿದೆ’ ಎಂಬ ಪ್ರಸಿದ್ಧ 2006 ಕೂಡ ಇಲ್ಲೇ. ಸುಮ್ಮನೆ ಕೂತ ಸಂಪರ್ಕವನ್ನು ಮೈಎಸ್‌ಕ್ಯೂಎಲ್ ಬೇರೆ ಹೇಳದಿದ್ದರೆ 28800 ಸೆಕೆಂಡ್, ಎಂದರೆ 8 ಗಂಟೆ ಕಾದು ಕಡಿದುಹಾಕುತ್ತದೆ. ರಾತ್ರಿಯಿಡೀ ಕೆಲಸವಿಲ್ಲದ ಪ್ರೋಗ್ರಾಂ ಬೆಳಿಗ್ಗೆ ಎದ್ದು ಮೊದಲ ಕ್ವೆರಿ ಕಳಿಸಿದಾಗ 2006 ಬರಬಹುದು. ಮಿತಿ ಮೀರಿದ ದೊಡ್ಡ ಕಡತ ಒಂದೇ ಪೊಟ್ಟಣವಾಗಿ ಹೋದರೂ ಅದೇ 2006, ಸರ್ವರ್ ಎಲ್ಲಿಗೂ ಹೋಗದೆ ಗಟ್ಟಿಯಾಗಿ ಕೂತಿದ್ದರೂ.

ಪಿಡಿಒ ಪಟ್ಟಿಯ ಮೂರನೇ ಖಾನೆಯ ಸಂದೇಶ ಯಾರಿಗೆ? ಡೆವಲಪರಿಗೆ, ಲಾಗ್ ಕಡತಕ್ಕೆ. ಪರದೆಗೆ ಖಂಡಿತ ಅಲ್ಲ. ನಕಲಿನ ಸಂದೇಶದಲ್ಲಿ ಆ ಮೌಲ್ಯವೂ ಒಳಗಿನ ಕೀಯ ಹೆಸರೂ ಇರುತ್ತವೆ. ವ್ಯಾಕರಣ ದೋಷದ ಸಂದೇಶದಲ್ಲಿ ಕ್ವೆರಿಯ ತುಂಡೇ ಇರುತ್ತದೆ. ಅರ್ಜಿಯ ಖಾನೆಯಲ್ಲಿ ಕ್ವೆರಿಯ ತುಂಡು ತುರುಕಿ ಇಂಜೆಕ್ಷನ್ ದಾಳಿ ಮಾಡುವವನು ಬೇಕೆಂದೇ ಎರರ್ ಹುಟ್ಟಿಸಿ, ಆ ಸಂದೇಶದ ಮೂಲಕವೇ ಟೇಬಲ್ಲುಗಳ ಹೆಸರನ್ನು ಒಂದೊಂದಾಗಿ ಹೊರಗೆಳೆಯುತ್ತಾನೆ. ‘ಆರ್ ಡೈ’ ಅವನ ಪಾಲಿನ ದೊಡ್ಡ ಉಪಕಾರ. ಒರಾಕಲ್ ಇದನ್ನು ಬಹಳ ಮುಂಚೆಯೇ ಅರಿತಿತ್ತು. ಟೇಬಲ್ ಇಲ್ಲದಿದ್ದರೂ, ಇದ್ದು ನಿಮಗೆ ಅನುಮತಿ ಇಲ್ಲದಿದ್ದರೂ ಅದು ಕೊಡುವುದು ಒಂದೇ 00942, ‘ಟೇಬಲ್ ಅಥವಾ ವ್ಯೂ ಇಲ್ಲ’. ಡೆವಲಪರಿಗೆ ತಲೆನೋವು, ಕಳ್ಳನಿಗೆ ಸುಳಿವಿಲ್ಲ. ಪಿಡಿಒದ ಕಡೆಯಿಂದ ಇನ್ನೂ ಕೆಟ್ಟ ಸೋರಿಕೆ ಇತ್ತು. ಸಂಪರ್ಕ ಸೋತು, ಎಕ್ಸೆಪ್ಷನ್ನನ್ನು ಯಾರೂ ಹಿಡಿಯದೆ, ಎರರುಗಳನ್ನು ಪರದೆಗೆ ತೋರಿಸುವ ಸೆಟ್ಟಿಂಗ್ ಆನ್ ಆಗಿದ್ದರೆ, ಜೊತೆಗೆ ಬರುವ ಕರೆಗಳ ಜಾಡಿನಲ್ಲಿ ಡೇಟಾಬೇಸಿನ ಪಾಸ್‌ವರ್ಡೇ ಕಾಣಬಹುದಿತ್ತು. ಗುಟ್ಟಿನ ಮೌಲ್ಯವೆಂದು ಗುರುತು ಹಾಕಿ ಜಾಡಿನಲ್ಲಿ ಅಡಗಿಸುವ ಸೌಲಭ್ಯ ಬಂದದ್ದು 2022ರ ಪಿಎಚ್‌ಪಿ 8.2ರಲ್ಲಿ.

ಸಂದೇಶವನ್ನು ಪ್ರೋಗ್ರಾಮೂ ಓದಬಾರದು. ‘ಡ್ಯೂಪ್ಲಿಕೇಟ್’ ಎಂಬ ಪದ ಸಂದೇಶದಲ್ಲಿದೆಯೇ ಎಂದು ಹುಡುಕುವ ಪ್ರೋಗ್ರಾಮುಗಳು ಬೇಕಾದಷ್ಟಿವೆ. ಸರ್ವರಿನ ಭಾಷೆಯನ್ನು ಜರ್ಮನ್‌ಗೋ ಜಪಾನಿಗೋ ಬದಲಿಸಿದ ದಿನ ಅವು ಕುರುಡಾಗುತ್ತವೆ, ಮುಂದಿನ ಆವೃತ್ತಿಯಲ್ಲಿ ಪದಗಳನ್ನು ತಿದ್ದಿದರೂ ಅಷ್ಟೆ. ಸಂಕೇತ ಮಾತ್ರ ಬದಲಾಗುವುದಿಲ್ಲ. ಕನ್ನಡದಲ್ಲಿ ಸೇವೆ ಕೊಡುವ ತಾಣಗಳಿಗೆ ಇದು ನೇರವಾಗಿ ತಟ್ಟುವ ವಿಷಯ. ಸಂಕೇತವನ್ನು ಹಿಡಿದು, ಪ್ರತಿಯೊಂದಕ್ಕೂ ನಮ್ಮದೇ ಒಂದು ಸರಳ ಕನ್ನಡ ವಾಕ್ಯ ಬರೆದಿಟ್ಟರೆ, ಪುಟವೆಲ್ಲ ಕನ್ನಡದಲ್ಲಿದ್ದು ಎರರ್ ಬಂದ ತಕ್ಷಣ ಇಂಗ್ಲಿಷಿಗೆ ಜಿಗಿಯುವ ಅಭಾಸ ತಪ್ಪುತ್ತದೆ.

ಅಲ್ಲೂ ಒಂದು ಕೊರತೆ ಉಳಿದಿದೆ. ಅರ್ಜಿಯಲ್ಲಿ ಮೊಬೈಲ್, ಇಮೇಲ್ ಎರಡೂ ಅನನ್ಯ ಇರಬೇಕು ಎಂದಿಟ್ಟುಕೊಳ್ಳಿ. 1062 ಬಂತು, ಯಾವುದು ನಕಲು? ಆ ಉತ್ತರ ಮೊದಲ ಖಾನೆಯಲ್ಲಿಲ್ಲ, ಎರಡನೆಯದರಲ್ಲೂ ಇಲ್ಲ. ಮೂರನೆಯದರ ಇಂಗ್ಲಿಷ್ ವಾಕ್ಯದ ಬಾಲದಲ್ಲಿ ಕೀಯ ಹೆಸರಾಗಿ ಸಿಕ್ಕಿಕೊಂಡಿದೆ. ಯಾವುದನ್ನು ಓದಬಾರದು ಎಂದೆನೋ ಅದನ್ನೇ ಈಗ ಸೀಳಿ ಓದಬೇಕು. ಪೋಸ್ಟ್‌ಗ್ರೆಸ್ 2013ರ 9.3 ಆವೃತ್ತಿಯಿಂದಲೇ ಮುರಿದ ನಿಯಮದ ಹೆಸರನ್ನು ಬೇರೆಯೇ ಖಾನೆಯಲ್ಲಿ ಕಳಿಸುತ್ತಿದೆ. ಪಿಎಚ್‌ಪಿಯ ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಷನ್ 7.3ರಿಂದ ಅದನ್ನು ಓದಿ ಕೊಡುತ್ತದೆ. ಎಲ್ಲರೂ ಬಳಸುವ ಪಿಡಿಒದ ಪಟ್ಟಿಯಲ್ಲಿ ಮಾತ್ರ ಆ ಹೆಸರಿಗೊಂದು ನಾಲ್ಕನೇ ಖಾನೆ ಇಲ್ಲ.